ಅಂಗೈಯೊಳಗಿನ ಬಲೆ

ಬರ್ಗೆನ್
30 ಆಗಸ್ಟ್ 1998

ಪ್ರೀತಿಯ ಅಮ್ಮ,

"ಒಂದೊಂದೇ ಕಣ್ಣು ಹೆಣೆದವನ ಹೆಸರು ಬಲೆಗೆ ತಿಳಿಯದು…" ಹೀಗೊಂದು ಸಾಲು ಇತ್ತಲ್ಲವೇ? ನೀನು ಹಿಟ್ಟು ನಾದುತ್ತ ಗುನುಗುತ್ತಿದ್ದದ್ದು. ಬಲೆಗೆ ತಿಳಿಯದು ಎಂದಿತ್ತೋ, ಮೀನಿಗೆ ತಿಳಿಯದು ಎಂದಿತ್ತೋ? ಮುಂದಿನ ಸಾಲಂತೂ ಪೂರಾ ಜಾರಿಹೋಗಿದೆ. ನಿನ್ನೆ ಬಸ್ಸಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ನೆನಪಾಯಿತು. ಮನೆ ತಲುಪುವಷ್ಟರಲ್ಲಿ ಅರ್ಧ ಮಾತ್ರ ಉಳಿದಿತ್ತು. ಅದು ಯಾವ ಹಾಡಿನದು, ಯಾರು ಕಟ್ಟಿದ್ದು, ನನ್ನ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಆ ಸಾಲು ನನಗೆ ಬೇಕಾಗಿದೆ. ತಮ್ಮ ದೇಹವನ್ನು ಕಲಿಕೆಗೆಂದು ನಮ್ಮ ವೈದ್ಯಕೀಯ ಕಾಲೇಜಿಗೆ ಕೊಟ್ಟು ಹೋದವರ ಮನೆಯವರನ್ನು ಪ್ರತಿ ಅಕ್ಟೋಬರಿನಲ್ಲಿ ಕರೆದು, ಕಾಫಿ ಕೊಟ್ಟು, ನಾಲ್ಕು ಮಾತು ಹೇಳಿ ಕಳಿಸುತ್ತೇವಲ್ಲ, ಈ ಸಲ ಆ ನಾಲ್ಕು ಮಾತು ನನ್ನ ಪಾಲಿಗೆ ಬಂದಿದೆ. ಆದರೆ ಸಾಲಿನ ಮೇಲೆ ನನಗೊಂದು ತಕರಾರೂ ಇದೆ. ಬಲೆಗೆ ತಿಳಿಯದು ಎನ್ನುವುದನ್ನು ನಾನು ಒಪ್ಪಲಾರೆ.

ನೀನು ನನ್ನ ಕೆಲಸದ ಬಗ್ಗೆ ಕೇಳುವುದಿಲ್ಲ, ನೀನು ಕೇಳದಿದ್ದರೂ ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಇರುವ ಒಪ್ಪಂದ ಇದೇ. ಆದ್ದರಿಂದ ಹೇಳುತ್ತೇನೆ.

ಈ ವಾರ ಹೊಸ ವಿದ್ಯಾರ್ಥಿಗಳು ಬಂದರು. ಚರ್ಮವನ್ನು ಎತ್ತಿದ ತಕ್ಷಣ ಅದರ ಕೆಳಗೆ ಬಿಳಿಯ, ಒದ್ದೆ ಜೇಡರ ಬಲೆಯಂಥದ್ದು ಕಾಣುತ್ತದೆ. ಪುಸ್ತಕದ ಚಿತ್ರದಲ್ಲಿ ಅದು ಇರುವುದಿಲ್ಲ. ಕೆಂಪಗೆ ತೊಳೆದಿಟ್ಟಂಥ ಸ್ನಾಯುಗಳು ಮಾತ್ರ ಇರುತ್ತವೆ. ಆದ್ದರಿಂದ ಮೊದಲ ದಿನ ಎಲ್ಲರೂ ಅದೇ ತಪ್ಪು ಮಾಡುತ್ತಾರೆ. ಸ್ಟಾವಂಗರ್ ಕಡೆಯ ಒಬ್ಬಳು ಹುಡುಗಿ ಚಿಮಟದ ತುದಿಯಲ್ಲಿ ಒಂದು ಹಿಡಿ ಎತ್ತಿ ಹಿಡಿದು, "ತೂರುನ್, ಈ ಹತ್ತಿನೆಲ್ಲ ಎಲ್ಲಿ ಎಸೀಲಿ?" ಎಂದಳು. ಸಾಮಾನಿನ ಜೊತೆ ಪೆಟ್ಟಿಗೆಯೊಳಗೆ ತುರುಕಿದ ಹುಲ್ಲು ಎಂದುಕೊಂಡಿದ್ದಾಳೆ ಪಾಪ. ಎಸೆಯುವುದಿಲ್ಲ, ಮೇಜಿನ ಕೆಳಗೆ ಮುಚ್ಚಳದ ಡಬ್ಬಿ ಇದೆ, ಅದರಲ್ಲಿ ಹಾಕು ಎಂದೆ. ನಮ್ಮ ಪದ್ಧತಿ ಹಾಗೆ. ಒಂದೊಂದು ಮೇಜಿಗೆ ಒಂದೊಂದು ಡಬ್ಬಿ. ಚೂರು ಕೂಡ ಅದಲುಬದಲಾಗುವಂತಿಲ್ಲ. ಕೊನೆಗೆ ಆ ಮನುಷ್ಯನ ಜೊತೆಗೇ ಅದೂ ಮಣ್ಣಿಗೆ ಹೋಗಬೇಕು.

ಸಂಯೋಜಕ ಅಂಗಾಂಶ ಎಂದು ಅದರ ಹೆಸರು. ಹೆಸರಿಗೇ ಎಷ್ಟು ಸಂಕೋಚ ನೋಡು, ತಾನು ಏನೂ ಅಲ್ಲ, ಬೇರೆಯವರನ್ನು ಸೇರಿಸುವುದಷ್ಟೇ ನನ್ನ ಕೆಲಸ ಎಂಬಂತೆ. ಆದರೆ ಅಮ್ಮ, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಹುಡುಕಲು ಹೋದರೆ ಮುಗಿಯುವುದೇ ಇಲ್ಲ. ಸ್ನಾಯುವಿನ ಸುತ್ತ ಒರೆಯಾಗುತ್ತದೆ, ಒಳಗೆ ಹೊಕ್ಕು ಎಳೆ ಎಳೆಯನ್ನೂ ಬೇರೆ ಬೇರೆ ಸುತ್ತುತ್ತದೆ, ತುದಿಯಲ್ಲಿ ಎಲ್ಲ ಒರೆಗಳೂ ಕೂಡಿ ಹಗ್ಗವಾಗುತ್ತವೆ, ಹಗ್ಗ ಎಲುಬಿನೊಳಗೆ ಬೇರು ಬಿಟ್ಟು ಅದಕ್ಕೆ ಹೊದಿಕೆಯಾಗುತ್ತದೆ. ನೆತ್ತಿಯಿಂದ ಅಂಗಾಲಿನವರೆಗೆ ಎಲ್ಲೂ ಕಡಿಯದ ಒಂದೇ ಬಟ್ಟೆ. ಉಳಿದದ್ದೆಲ್ಲವನ್ನೂ ಕರಗಿಸಿ ಇದೊಂದನ್ನು ಉಳಿಸಿದರೂ ಅಪ್ಪನ ಎಡಕ್ಕೆ ವಾಲಿದ ಭುಜವನ್ನೂ ನಿನ್ನ ಗಲ್ಲವನ್ನೂ ನಾನು ದೂರದಿಂದಲೇ ಗುರುತು ಹಿಡಿದೇನು.

ಅದರೊಳಗೆ ನೇಯುವ ಪುಟ್ಟ ಜೀವಕೋಶಗಳಿವೆ. ಅವು ಸುಮ್ಮನೆ ಕಂಡಕಂಡಲ್ಲಿ ನೂಲು ಹಾಕುವುದಿಲ್ಲ. ಎಳೆತ ಯಾವ ಕಡೆಗೋ ಆ ಕಡೆಗೇ ನೂಲನ್ನು ಸಾಲುಗಟ್ಟಿಸುತ್ತವೆ. ಜೀವಮಾನವೆಲ್ಲ ದೋಣಿ ಎಳೆದವನ ಬೆನ್ನಿನ ಹಾಳೆಯೇ ಬೇರೆ, ಕೂಸನ್ನು ಸೊಂಟದ ಮೇಲೆ ಹೊತ್ತವಳ ಹಾಳೆಯೇ ಬೇರೆ. ಹಾಗಿರುವಾಗ ಬಲೆಗೆ ತಿಳಿಯದು ಎಂದರೆ ಹೇಗೆ? ಯಾರು ಎಷ್ಟು ಎಳೆದರು ಎಂಬುದು ಅದಕ್ಕೆ ಚೆನ್ನಾಗಿ ತಿಳಿದಿದೆ.

ಸಾಲನ್ನು ಪೂರ್ತಿ ಬರೆದು ಕಳಿಸು. ಕ್ರಿಸ್‌ಮಸ್‌ಗೆ ನಿನಗೆ ಚರ್ಮದ ಕೈಗವಸು ನೋಡಿದ್ದೇನೆ, ಕಂದು ಬಣ್ಣದ್ದು. ಆದೀತೇ?

ನಿನ್ನ ಮಗಳು,
ತೂರುನ್

*

ಸ್ಕಾರ್ವೊಯ್
14 ಸೆಪ್ಟೆಂಬರ್

ತೂರುನ್,

ನಿನ್ನ ಕಾಗದ ಬಂತು. ಊಟದ ಮೇಜಿನಲ್ಲಿ ಓದಬಾರದಿತ್ತು, ಓದಿದೆ. ನಿಮ್ಮಪ್ಪ ಅಷ್ಟನ್ನೂ ಗಟ್ಟಿಯಾಗಿ ಓದಿಸಿಕೊಂಡು, ತನ್ನ ವಾಲಿದ ಭುಜದ ಮಾತು ಬಂದಾಗ ನೆಟ್ಟಗೆ ಕೂತ.

ಆ ಸಾಲಿನ ಸಹವಾಸ ಬೇಡ. ಅದು ಪುಸ್ತಕದ್ದಲ್ಲ. ನಾಲ್ಕು ಜನರ ಮುಂದೆ ಹೇಳುವಂಥದ್ದೂ ಅಲ್ಲ. ನಾನು ಗುನುಗುತ್ತಿದ್ದೆ ಎಂಬುದೇ ನನಗೆ ನೆನಪಿಲ್ಲ.

ಇಲ್ಲಿ ಎಲ್ಲ ಎಂದಿನಂತೆ. ನಿಮ್ಮಪ್ಪ ಮನೆಯ ಪಡುವಣ ಗೋಡೆಗೆ ಬಣ್ಣ ಬಳಿಯಲು ಹೋಗಿ ಏಣಿಯ ಮೇಲಿಂದ ನೆರೆಮನೆಯ ಅರ್ನ್‌ಲ್ಯೂತ್ ಜೊತೆ ರಾಜಕೀಯ ಮಾತಾಡಿದ. ಗೋಡೆ ಅರ್ಧ ಕೆಂಪು, ಅರ್ಧ ಬೂದಿ. ಅರ್ನ್‌ಲ್ಯೂತ್ ವಾರಕ್ಕೆರಡು ಸಲ ಮೀನು ತಂದು ಬಾಗಿಲಲ್ಲಿ ನಿಲ್ಲುತ್ತಾನೆ, ಒಳಗೆ ಬಾ ಎಂದರೆ ಬೂಟು ಗಲೀಜು ಎನ್ನುತ್ತಾನೆ. ಐವತ್ತು ವರ್ಷದಿಂದ ಅವನ ಬೂಟು ಗಲೀಜೇ.

ಈ ಸಲ ನಾನು ಕ್ರಿಸ್‌ಮಸ್‌ಗೆ ಲೆಫ್ಸೆ ರೊಟ್ಟಿ ಮಾಡುತ್ತಿಲ್ಲ. ಹೆಂಗಸರಿಗೆ ಹೇಳಿಬಿಟ್ಟಿದ್ದೇನೆ, ಭುಜ ನೋವು ಎಂದು. ನನ್ನ ಲಟ್ಟಣಿಗೆಯನ್ನು ಅರ್ನ್‌ಲ್ಯೂತ್‌ನ ಸೊಸೆಗೆ ಕೊಟ್ಟೆ. ಅವಳು ಲಟ್ಟಿಸಿದರೆ ರೊಟ್ಟಿ ನಕ್ಷೆಯಲ್ಲಿರುವ ನಮ್ಮ ದ್ವೀಪದ ಹಾಗೆ ಆಗುತ್ತದೆ, ಆದರೂ ಕಲಿಯಲಿ.

ಚರ್ಮದ ಕೈಗವಸು ಬೇಡ. ಐದು ಬೆರಳಿಗೆ ಐದು ಮನೆ ಇರುವಂಥದ್ದು ನನಗೆ ಈಗ ಹಿಡಿಸುವುದಿಲ್ಲ. ಕೊಡಲೇಬೇಕಿದ್ದರೆ ಮೀನುಗಾರರು ಹಾಕಿಕೊಳ್ಳುವಂಥ, ಹೆಬ್ಬೆರಳೊಂದು ಬಿಟ್ಟು ಉಳಿದದ್ದೆಲ್ಲ ಒಂದೇ ಚೀಲದೊಳಗೆ ಹೋಗುವ ಉಣ್ಣೆಯದು ಕೊಡು. ಬಲಗೈಯದು ಸ್ವಲ್ಪ ದೊಡ್ಡದಿರಲಿ. ಮುಖ ತೊಳೆಯುವಾಗ ಕಿರುಬೆರಳು ಕಣ್ಣಿಗೆ ಚುಚ್ಚಿ ಮೊನ್ನೆಯಿಂದ ಕಣ್ಣು ಕೆಂಪಾಗಿದೆ. ನಿಮ್ಮಪ್ಪನಿಗೆ ನಗು, "ನಿನ್ನ ಕಣ್ಣಿಗೆ ನೀನೇ ಕೈ ಹಾಕ್ಕೊಳ್ಳೋ ವಯಸ್ಸಾಯ್ತು ನೋಡು" ಎಂದ.

ಒಂದು ಮಾತು ಕೇಳುತ್ತೇನೆ. ನಿನ್ನ ಮೇಜಿನ ಮೇಲಿರುವವರ ಕೈ ಹೇಗಿರುತ್ತದೆ? ಸಾಯುವಾಗ ಮುಷ್ಟಿ ಬಿಗಿದಿದ್ದರೆ ಅದು ಹಾಗೆಯೇ ಉಳಿಯುತ್ತದೆಯೇ? ಸುಮ್ಮನೆ ಕೇಳಿದೆ. ಉತ್ತರ ಬರೆಯಲೇಬೇಕೆಂದಿಲ್ಲ.

ಅಮ್ಮ

*

ಬರ್ಗೆನ್
21 ಸೆಪ್ಟೆಂಬರ್

ಪ್ರೀತಿಯ ಅಮ್ಮ,

ಇದನ್ನು ಓದುವ ಮುಂಚೆ ಒಂದು ಕೆಲಸ ಮಾಡು. ನಿನ್ನ ಬಲಗೈಯನ್ನು ಅಂಗೈ ಕೆಳಗಾಗಿ ಊಟದ ಮೇಜಿನ ಮೇಲೆ ಇಡು. ಚಪ್ಪಟೆಯಾಗಿ ಕೂರುತ್ತದೆಯೇ? ಅಥವಾ ಕೆಳಗೆ ಬೆಳಕು ಹಾಯುತ್ತದೆಯೇ?

ನಿನ್ನ ಭುಜಕ್ಕೆ ಏನೂ ಆಗಿಲ್ಲ ಎಂದುಕೊಂಡಿದ್ದೇನೆ. ಭುಜ ನೋಯುವವರು ಲಟ್ಟಣಿಗೆಯನ್ನು ಬದಿಗಿಡುತ್ತಾರೆ, ದಾನ ಮಾಡುವುದಿಲ್ಲ. ಬೆರಳಿನ ಕೈಗವಸು ಬೇಡವಾದವಳು, ಬಲಗೈಗೆ ದೊಡ್ಡದು ಕೇಳುವವಳು, ಮುಖ ತೊಳೆಯುವಾಗ ಕಿರುಬೆರಳಿನಿಂದ ಕಣ್ಣು ಚುಚ್ಚಿಕೊಂಡವಳು. ಅಮ್ಮ, ನೀನು ಮುಚ್ಚಿಟ್ಟದ್ದನ್ನೆಲ್ಲ ಒಂದೇ ಪುಟದಲ್ಲಿ ಬರೆದು ಕಳಿಸಿದ್ದೀಯೆ. ಕಿರುಬೆರಳು, ಉಂಗುರದ ಬೆರಳು ಅಂಗೈಯ ಕಡೆಗೆ ಬಾಗಿವೆ, ನೇರ ಮಾಡಲು ಹೋದರೆ ಚರ್ಮದ ಕೆಳಗೆ ಹಗ್ಗದಂತೆ ಗಟ್ಟಿಯಾಗಿ ಏನೋ ಬಿಗಿಯುತ್ತದೆ. ಹೌದಲ್ಲವೇ?

ಅದು ಹತ್ತಿ ಎಂದು ಆ ಹುಡುಗಿ ಎಸೆಯಲು ಹೊರಟಿದ್ದಳಲ್ಲ, ಅದೇ. ಅಂಗೈಯ ಚರ್ಮದ ಕೆಳಗೆ ಬೀಸಣಿಗೆಯಂತೆ ಹರಡಿದ ಒಂದು ಹಾಳೆ ಇದೆ. ಮಣಿಕಟ್ಟಿನ ಹತ್ತಿರ ಹಿಡಿ, ಬೆರಳುಗಳ ಕಡೆಗೆ ನಾಲ್ಕು ಪಟ್ಟಿ. ಅದರಿಂದ ಸಾವಿರಾರು ಸಣ್ಣ ನೂಲುಗಳು ಚರ್ಮಕ್ಕೆ ಹೊಲಿದುಕೊಂಡಿವೆ. ಮುಂಗೈಯ ಮೇಲಿನ ಚರ್ಮವನ್ನು ಚಿವುಟಿ ಎತ್ತಬಹುದು, ಅಂಗೈಯದನ್ನು ಎತ್ತಲಾಗದು, ನೋಡಿಕೋ. ಆ ಹೊಲಿಗೆ ಇಲ್ಲದಿದ್ದರೆ ದೋಣಿಯ ಹುಟ್ಟು ಹಿಡಿದು ಎಳೆದಾಗ ಚರ್ಮ ಒದ್ದೆ ಕಾಲುಚೀಲದಂತೆ ಜಾರುತ್ತಿತ್ತು. ನೀನು ಇಷ್ಟು ವರ್ಷ ಲಟ್ಟಿಸಿದ ಪ್ರತಿ ರೊಟ್ಟಿಗೂ ಆ ಹಾಳೆ ಅಡಿಯಲ್ಲಿ ನಿಂತು ಕೆಲಸ ಮಾಡಿದೆ. ನಾನು ಅದನ್ನು ಬಿಡಿಸಿ ತೋರಿಸುವ ದಿನ ವಿದ್ಯಾರ್ಥಿಗಳು ತಮ್ಮ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ, ಪ್ರತಿ ವರ್ಷ, ತಪ್ಪದೆ.

ಕೆಲವರಲ್ಲಿ ಆ ನೇಯುವ ಕೋಶಗಳು ನಿಲ್ಲಿಸುವುದನ್ನು ಮರೆಯುತ್ತವೆ. ನೂಲಿನ ಮೇಲೆ ನೂಲು ಹಾಕಿ, ಹಾಕಿದ್ದನ್ನು ಬಿಗಿ ಮಾಡುತ್ತ ಹೋಗುತ್ತವೆ. ಹಾಳೆ ಹಗ್ಗವಾಗುತ್ತದೆ, ಹಗ್ಗ ಮೋಟಾಗುತ್ತದೆ, ಬೆರಳು ಬಾಗುತ್ತದೆ. ನಮ್ಮ ಉತ್ತರದವರಲ್ಲಿ ಇದು ಹೆಚ್ಚು; ವೈಕಿಂಗರ ಕೈ ಎಂದು ತಮಾಷೆ ಮಾಡುತ್ತಾರೆ. ಮನೆತನದಲ್ಲಿ ಹರಿದು ಬರುತ್ತದೆ. ನಮ್ಮಲ್ಲಿ ಯಾರಿಗಿತ್ತು? ಅಪ್ಪನ ಕಡೆಯವರನ್ನು ನಾನು ಬಲ್ಲೆ, ಅವರಲ್ಲಿ ಇಲ್ಲ.

ನೀನು ಸುಮ್ಮನೆ ಕೇಳಿದ ಪ್ರಶ್ನೆ. ಸತ್ತ ಮೇಲೆ ದೇಹ ಸೆಟೆಯುತ್ತದೆ, ಕೆಲವು ದಿನದಲ್ಲಿ ತಾನಾಗಿ ಸಡಿಲುತ್ತದೆ. ಸ್ನಾಯು ಹಿಡಿದದ್ದೆಲ್ಲವನ್ನೂ ಸ್ನಾಯುವೇ ಬಿಡುತ್ತದೆ. ಸಿಟ್ಟಿನಿಂದ ಬಿಗಿದ ಮುಷ್ಟಿಯೇ ಆಗಿದ್ದರೂ ಸಾವು ಅದನ್ನು ಬಿಡಿಸುತ್ತದೆ. ಮೈಯೆಲ್ಲ ಮೆತ್ತಗಾದ ಮೇಲೂ ಬಿಡದ ಬೆರಳಿದ್ದರೆ, ಅದನ್ನು ಹಿಡಿದಿರುವುದು ಸಿಟ್ಟಲ್ಲ. ಈ ಹಾಳೆ.

ಯಾರ ಕೈ, ಅಮ್ಮ?

ತೂರುನ್

*

ಸ್ಕಾರ್ವೊಯ್
10 ಅಕ್ಟೋಬರ್

ಮಗಳೇ,

ನಿನ್ನ ಅಮ್ಮ ಬರೆಯುತ್ತಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಮೊದಲು ಪರೀಕ್ಷೆಯ ಫಲಿತಾಂಶ. ಕೈಯನ್ನು ಮೇಜಿನ ಮೇಲೆ ಇಟ್ಟಳು. ಸೇತುವೆಯ ಹಾಗೆ ನಿಂತಿತು. ಅಡಿಯಲ್ಲಿ ಬೆಂಕಿಪೆಟ್ಟಿಗೆ ತೂರಿಸಿ ನೋಡಿದೆ, ಈ ಕಡೆಯಿಂದ ಆ ಕಡೆಗೆ ಹೋಯಿತು. ನನಗೆ ಗೊತ್ತೇ ಇರಲಿಲ್ಲ ಮಗಳೇ. ನಲವತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದೇವೆ. ಇವಳು ಯಾವಾಗಿನಿಂದ ಎಡಗೈಯಲ್ಲಿ ಸಕ್ಕರೆ ಡಬ್ಬಿ ಕೊಡುತ್ತಿದ್ದಾಳೆ ಎಂದು ಯೋಚಿಸಿದರೆ ನೆನಪಾಗುವುದಿಲ್ಲ.

ಕಾಗದದ ಉಳಿದ ಭಾಗವನ್ನು ನನಗೆ ಓದಿ ಹೇಳಲಿಲ್ಲ. ಮಡಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಕೋಟು ಕೂಡ ಹಾಕದೆ ಸಮುದ್ರದ ಕಡೆಗೆ ಹೋದಳು. ದಕ್ಷಿಣ ದಂಡೆಯ ಹಳೇ ದೋಣಿಮನೆಯವರೆಗೆ ಹೋಗಿದ್ದಳಂತೆ, ಅರ್ನ್‌ಲ್ಯೂತ್ ನೋಡಿದ. ಬಂದವಳು ಒಲೆಯ ಹತ್ತಿರ ಕೂತಳು. ಆಮೇಲಿನಿಂದ ನನ್ನನ್ನು ಒಂದು ಸಲವೂ ಬೈದಿಲ್ಲ. ಗೋಡೆ ಇನ್ನೂ ಅರ್ಧ ಬೂದಿಯಾಗಿಯೇ ಇದೆ, ಅದಕ್ಕೂ ಬೈದಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ಏನು ಬರೆದೆ ಎಂದು ನಾನು ಕೇಳುವುದಿಲ್ಲ. ಅದು ಗುಣವಾಗುವಂಥದ್ದೋ ಅಲ್ಲವೋ, ಅಷ್ಟು ತಿಳಿಸು.

ನಿನ್ನ ಅಪ್ಪ
ಓಟ್ಟಾರ್

*

ಸ್ಕಾರ್ವೊಯ್
25 ಅಕ್ಟೋಬರ್

ತೂರುನ್,

ಯಾರ ಕೈ ಎಂದು ಕೇಳಿದ್ದೆ. ನನ್ನ ಅಪ್ಪನದು. ನಿನ್ನ ಅಜ್ಜ ಅನ್‌ಫಿನ್‌ನದು. ಈ ಮನೆಯಲ್ಲಿ ಆ ಹೆಸರನ್ನು ನಾನು ಹೇಳಿದ್ದು ನೀನು ಕೇಳಿರಲಾರೆ.

ಅವನ ದೋಣಿಯಲ್ಲಿ ಆರು ಜನ ದುಡಿಯುತ್ತಿದ್ದರು. ತಾಯಿಯಿಲ್ಲದ ನನ್ನನ್ನು ಅವನೇ ಬೆಳೆಸಿದ. ನನಗೆ ಹತ್ತೊಂಬತ್ತಾದಾಗ ಊರು ಬಿಟ್ಟು ಮೀನಿನ ಡಬ್ಬಿ ಕಾರ್ಖಾನೆಗೆ ಸೇರಿದೆ. ಮೂರು ವರ್ಷ ಊರಿಗೆ ಬರಲಿಲ್ಲ. ಬಂದಾಗ ನಿಮ್ಮಪ್ಪನನ್ನು ಕರೆತಂದೆ. ಕರೆಂಟು ಕಂಬ ನೆಡಲು ಬಂದವನು, ಒಳನಾಡಿನವನು, ದೋಣಿ ಹತ್ತಿದರೆ ವಾಂತಿ ಮಾಡುವವನು. ಅಪ್ಪನಿಗೆ ಇವನು ಹಿಡಿಸಿಲ್ಲ ಎಂದು ಕಾಗದದಲ್ಲೇ ತಿಳಿದಿತ್ತು.

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತು. ಮದುವೆಯಾಗುವವನನ್ನು ಕರೆದುಕೊಂಡು ಹೋದರೆ ಹುಡುಗಿಯ ತಂದೆ ಹೊಸಿಲಲ್ಲಿ ನಿಂತು ಇಬ್ಬರಿಗೂ ಬಲಗೈ ಕೊಡಬೇಕು, ಆಮೇಲೆ ಒಳಗೆ ಕಾಲಿಡಬೇಕು. ಅಪ್ಪ ಹೊಸಿಲಿಗೆ ಬಂದ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ನಿಮ್ಮಪ್ಪ ಕೈ ಚಾಚಿದ. ಅದು ಗಾಳಿಯಲ್ಲಿ ನಿಂತಿತು. ಅಪ್ಪ ನನ್ನ ಮುಖ ನೋಡಿದ, "ಒಳಗೆ ಕಾಫಿ ಇದೆ" ಎಂದ, ತಿರುಗಿ ಒಳಗೆ ಹೋದ. ಅಡುಗೆಮನೆಯಲ್ಲಿ ಅರ್ನ್‌ಲ್ಯೂತ್ ಕೂತು ಬಲೆ ಸರಿಮಾಡುತ್ತಿದ್ದ, ಆಗ ಅವನು ಅಪ್ಪನ ದೋಣಿಯವನು. ತಲೆಯೆತ್ತಲಿಲ್ಲ. ನಾನು ನಿಮ್ಮಪ್ಪನ ತೋಳು ಹಿಡಿದು ಎಳೆದುಕೊಂಡು ಬಂದುಬಿಟ್ಟೆ. ಆ ಕಾಫಿ ನಾವು ಕುಡಿಯಲಿಲ್ಲ.

ಆಮೇಲೆ ನಾಲ್ಕು ವರ್ಷ ಒಂದೇ ದ್ವೀಪದಲ್ಲಿದ್ದೆವು, ಅವನು ದಕ್ಷಿಣಕ್ಕೆ, ನಾವು ಉತ್ತರಕ್ಕೆ. ಅಂಗಡಿಯಲ್ಲಿ ಎದುರಾದರೆ ತಲೆ ಆಡಿಸುತ್ತಿದ್ದೆವು. ಬೇಸಿಗೆಯಲ್ಲೂ ಕೈಗೆ ಉಣ್ಣೆ ಗವಸು ಹಾಕಿಕೊಂಡಿರುತ್ತಿದ್ದ. ನೀನು ಹುಟ್ಟಿದಾಗ ಬಾಗಿಲ ಹೊರಗೆ ಒಂದು ತೊಟ್ಟಿಲು ಇಟ್ಟಿತ್ತು. ಯಾರೂ ನಿಂತಿರಲಿಲ್ಲ. ಅದನ್ನು ವಾಪಸು ಕಳಿಸಿದೆ.

ನಾಲ್ಕನೇ ವರ್ಷ ಮೇ ತಿಂಗಳಲ್ಲಿ ಅಪ್ಪ ದೋಣಿಮನೆಯಲ್ಲಿ ಬಿದ್ದು ಸತ್ತ. ಪಾದ್ರಿ ಹೊರ ದ್ವೀಪಗಳಲ್ಲಿದ್ದ. ಬರುವುದು ಒಂದು ವಾರ ತಡವಾಯಿತು. ಮಣ್ಣು ಮಾಡುವ ದಿನ ನಾನು ಒಬ್ಬಳೇ ಪೆಟ್ಟಿಗೆಯ ಹತ್ತಿರ ಹೋದೆ. ಹೆಂಗಸರು ಎಡಗೈಯನ್ನು ಬಲಗೈಯ ಮೇಲೆ ಇಟ್ಟು, ಮೇಲೆ ಕೀರ್ತನೆಯ ಪುಸ್ತಕ ಇಟ್ಟಿದ್ದರು. ನಾನು ಪುಸ್ತಕ ತೆಗೆದು ಎಡಗೈ ಎತ್ತಿದೆ. ಕೆಳಗೆ ಮುಷ್ಟಿ ಇತ್ತು. ಒಂದು ಸಲವಾದರೂ ಆ ಕೈಯನ್ನು ಹಿಡಿಯಬೇಕೆಂದು ಬಿಡಿಸಲು ನೋಡಿದೆ. ಬಿಡಲಿಲ್ಲ. ಸತ್ತ ಮೇಲೂ ನನಗೆ ಕೈ ಕೊಡಲಿಲ್ಲ ಎಂದುಕೊಂಡೆ. ಅದನ್ನೇ ಇಷ್ಟು ವರ್ಷ ಅಂದುಕೊಂಡಿದ್ದೆ. ಹಗ್ಗ ಎಳೆದು ಎಳೆದು ಮುದುಕರ ಬೆರಳು ಬಾಗುವುದು ನಾನು ಕಾಣದ್ದೇನಲ್ಲ. ಆದರೆ ಬಾಗಿಲಲ್ಲಿ ನಿಂತಾಗ ಅವನಿಗೆ ಐವತ್ತೆರಡು. ಅವನು ಮುದುಕ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಬೆರಳು ಬಾಗಲು ಶುರುವಾದಾಗ, ಅವನ ಸಿಟ್ಟು ಈಗ ನನ್ನೊಳಗೆ ಬಂದು ಕೂತಿತು ಎಂದುಕೊಂಡೆ. ಯಾರಿಗೆ ಹೇಳಲಿ ಇದನ್ನು.

ನಿನ್ನ ಕಾಗದ ಓದಿದ ಮೇಲೆ ದೋಣಿಮನೆಗೆ ಹೋಗಿ ನಿಂತು ನೆನಪು ಮಾಡಿಕೊಂಡೆ. ಎತ್ತಿದಾಗ ಅವನ ಎಡಗೈ ಬಟ್ಟೆಯ ಹಾಗೆ ಮೆತ್ತಗಿತ್ತು. ಬಲಗೈಯಲ್ಲೂ ಹೆಬ್ಬೆರಳು ಬಿಚ್ಚಿಕೊಂಡಿತು, ತೋರುಬೆರಳು ಬಂತು. ಬಿಡದೆ ನಿಂತದ್ದು ಕಿರುಬೆರಳು ಮತ್ತು ಉಂಗುರದ ಬೆರಳು, ಅವೆರಡೇ. ಇಷ್ಟು ವರ್ಷ ಮುಷ್ಟಿ ಎಂದೇ ನೆನಪಿಟ್ಟುಕೊಂಡಿದ್ದೆ, ಎರಡು ಬೆರಳು ಎಂದಲ್ಲ.

ಆದರೆ ತೂರುನ್, ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಬೆರಳು ಬಿಡಿಸಲಾಗದವನಿಗೆ ಕೈಯನ್ನು ಜೇಬಿನಿಂದ ತೆಗೆಯಲೂ ಆಗುವುದಿಲ್ಲವೇ? ಬಾಗಿದ ಕೈಯನ್ನೇ ಕೊಡಬಹುದಿತ್ತು. ಕೊಡಲು ಮನಸ್ಸಿತ್ತೇ ಇಲ್ಲವೇ? ನಿನ್ನ ಮುಚ್ಚಳದ ಡಬ್ಬಿಯಲ್ಲಿ ಇದಕ್ಕೆ ಉತ್ತರ ಇದ್ದರೆ ಬರೆ.

ಬಲೆಯ ಹಾಡು ಅವನದೇ. ಬಲೆ ಹೆಣೆಯುತ್ತ ತಾನೇ ಕಟ್ಟಿ ಹಾಡುತ್ತಿದ್ದ. "ಬಲೆಗೆ ತಿಳಿಯದು, ಮೀನಿಗೂ ತಿಳಿಯದು, ಹರಿದ ದಿನ ಸಮುದ್ರಕ್ಕೆ ತಿಳಿಯುವುದು."

ಅಮ್ಮ

*

ಬರ್ಗೆನ್
3 ನವೆಂಬರ್

ಪ್ರೀತಿಯ ಅಮ್ಮ,

ನಿನ್ನ ಕಾಗದವನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಹೆಬ್ಬೆರಳು ಬಂತು, ತೋರುಬೆರಳು ಬಂತು, ಆ ಎರಡು ಬರಲಿಲ್ಲ. ನಾನು ವಿದ್ಯಾರ್ಥಿಗಳಿಗೆ ಒಂದೊಂದೇ ಬೆರಳು ಹಿಡಿದು ಮಾಡಿಸುವ ಪರೀಕ್ಷೆ ಇದು. ನೀನು ಅಳುತ್ತ ಮಾಡಿದೆ, ನಾನು ಸೀಮೆಸುಣ್ಣ ಹಿಡಿದು ಮಾಡುತ್ತೇನೆ, ಅಷ್ಟೇ ವ್ಯತ್ಯಾಸ. ಅವನನ್ನು ಹಿಡಿದದ್ದು ಆ ಹಾಳೆಯೇ. ಇದರಲ್ಲಿ ನನಗೆ ಸಂಶಯವಿಲ್ಲ.

ನಿನ್ನ ಇನ್ನೊಂದು ಪ್ರಶ್ನೆಗೆ ಉತ್ತರವಿಲ್ಲ. ಡಬ್ಬಿಯಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ. ಯಾವ ಎಳೆ ಯಾವುದನ್ನು ಎಳೆಯಿತು ಎಂದು ನಾನು ತೋರಿಸಬಲ್ಲೆ. ಮನುಷ್ಯ ಒಂದು ಕೈಯನ್ನು ಜೇಬಿನಲ್ಲಿ ಏಕೆ ಇಟ್ಟುಕೊಂಡ ಎಂಬುದು ಜೇಬು ಕಳಚಿದ ಮೇಲೆ ನಮ್ಮ ಮೇಜಿಗೆ ಬರುವುದಿಲ್ಲ. ಸುಳ್ಳು ಸಮಾಧಾನ ಬರೆಯಲೇ ಎಂದು ಒಂದು ಕ್ಷಣ ಯೋಚಿಸಿದೆ, ನೀನು ಒಪ್ಪುವವಳಲ್ಲ.

ನಮ್ಮ ಸಭೆ ಮುಗಿಯಿತು. ಆ ಸಾಲನ್ನು ಹೇಳಲಿಲ್ಲ, ಹತ್ತಿಯ ಕಥೆಯನ್ನಷ್ಟೇ ಹೇಳಿದೆ. ಕಾಫಿಯ ಹೊತ್ತಿನಲ್ಲಿ ಒಬ್ಬ ವೃದ್ಧರು ಬಂದು, ತಮ್ಮ ಹೆಂಡತಿಯ ಡಬ್ಬಿಯೂ ಅವಳ ಜೊತೆಗೇ ಹೋಯಿತೇ ಎಂದು ಕೇಳಿದರು. ಹೋಯಿತು ಎಂದೆ. "ಹಾಗಾದ್ರೆ ಸರಿ. ಅವಳಿಗೆ ಏನನ್ನೂ ಬಿಟ್ಟು ಹೋಗೋ ಅಭ್ಯಾಸ ಇರ್ಲಿಲ್ಲ" ಎಂದು ನನ್ನ ಕೈ ಕುಲುಕಿದರು. ಅವರ ಅಂಗೈ ಎಷ್ಟು ಬೆಚ್ಚಗಿತ್ತು ಗೊತ್ತೇ.

ಈಗ ನಿನ್ನ ಕೈಯ ವಿಷಯ. ಇಲ್ಲಿ ಕೈಗಳನ್ನೇ ನೋಡುವ ಶಸ್ತ್ರವೈದ್ಯೆ ಒಬ್ಬಳು ನನ್ನ ಪರಿಚಯದವಳು. ಅಂಗೈಯನ್ನು ಅಂಕುಡೊಂಕಾಗಿ ತೆರೆಯುತ್ತಾಳೆ, ನೇರ ಕೊಯ್ದರೆ ಗಾಯ ಮಾಗುವಾಗ ಮತ್ತೆ ಬಿಗಿಯುತ್ತದೆ ಎಂದು. ಹಗ್ಗದ ಸುತ್ತ ನರ ಬಳ್ಳಿಯಂತೆ ಸುತ್ತಿಕೊಂಡಿರುತ್ತದೆ. ಅದಕ್ಕೆ ತಾಗದಂತೆ ಹಗ್ಗವನ್ನಷ್ಟೇ ಬಿಡಿಸಿ ತೆಗೆಯಬೇಕು. ಅವಳ ತಾಳ್ಮೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಮತ್ತೆ ಬರಬಹುದೇ? ಬರಬಹುದು. ಆ ಕೋಶಗಳು ಹಠಮಾರಿಗಳು. ಆದರೂ ಲಟ್ಟಣಿಗೆಯನ್ನು ವಾಪಸು ಪಡೆಯುವಷ್ಟು ಕೈ ತೆರೆದೀತು.

ಹದಿನೇಳನೇ ತಾರೀಕಿಗೆ ಹೇಳಿಟ್ಟಿದ್ದೇನೆ. ಈಗ ದ್ವೀಪಕ್ಕೆ ಸೇತುವೆ ಇದೆಯಲ್ಲ, ಅಪ್ಪನನ್ನು ಬಸ್ಸಿನಲ್ಲಿ ಕರೆದುಕೊಂಡು ಬಾ, ಹಡಗು ಬೇಡ.

ತೂರುನ್

*

ಸ್ಕಾರ್ವೊಯ್
15 ಡಿಸೆಂಬರ್

ಪ್ರೀತಿಯ ತೂರುನ್,

ಇದು ಬಲಗೈಯಲ್ಲಿ ಬರೆದದ್ದು. ಅಕ್ಷರ ಕೆಟ್ಟದಾಗಿದ್ದರೆ ಅದು ಕೈಯ ತಪ್ಪಲ್ಲ, ನನ್ನ ಕನ್ನಡಕದ್ದು.

ಮಲಗುವಾಗ ಪಟ್ಟಿ ಕಟ್ಟಿಕೊಳ್ಳುತ್ತೇನೆ, ಹಗಲು ನಿನ್ನ ಸ್ನೇಹಿತೆ ಹೇಳಿಕೊಟ್ಟಂತೆ ಬೆರಳು ಆಡಿಸುತ್ತೇನೆ. ನಿಮ್ಮಪ್ಪ ಎದುರಿಗೆ ಕೂತು ತಾನೂ ಆಡಿಸುತ್ತಾನೆ, ಜೊತೆ ಕೊಡಲಂತೆ. ಮೇಜಿನ ಮೇಲೆ ಇಟ್ಟರೆ ಈಗ ಬೆಂಕಿಪೆಟ್ಟಿಗೆ ಹೋಗುವುದಿಲ್ಲ. ಕಡ್ಡಿ ಮಾತ್ರ ಹೋಗುತ್ತದೆ. ಲಟ್ಟಣಿಗೆ ವಾಪಸು ಬಂದಿದೆ. ಅರ್ನ್‌ಲ್ಯೂತ್‌ನ ಸೊಸೆ ಅದನ್ನು ಕೊಡುವಾಗ ಅವಳ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಪಾಪ ಎನಿಸಿತು.

ಅಲ್ಲಿದ್ದಾಗ ನಿನ್ನ ಕೊಠಡಿಯನ್ನು ನೋಡುತ್ತೇನೆಂದು ನಾನೇ ಕೇಳಿದೆ, ಬಾಗಿಲವರೆಗೆ ಬಂದು ಒಳಗೆ ಬರಲಾಗಲಿಲ್ಲ. ಅಲ್ಲೇ ನಿಂತು ಒಳಗೆ ನೋಡಿದೆ. ಬಿಳಿ ಬಟ್ಟೆ ಹೊದಿಸಿದ ಮೇಜುಗಳು, ಪ್ರತಿಯೊಂದರ ಕೆಳಗೂ ಮುಚ್ಚಳ ಹಾಕಿದ ಡಬ್ಬಿ, ಎಲ್ಲ ಒಂದೇ ಸಾಲಿನಲ್ಲಿ, ಯಾರೋ ಮಲಗುವ ಮುಂಚೆ ಮಕ್ಕಳ ಬೂಟುಗಳನ್ನು ಜೋಡಿಸಿಟ್ಟ ಹಾಗೆ. ನನ್ನ ಮಗಳು ಇಪ್ಪತ್ತು ವರ್ಷ ಮಾಡಿದ್ದು ಇದನ್ನೇ ಎಂದುಕೊಂಡೆ. ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಅಂದ ಹಾಗೆ, ನನ್ನ ಅಂಗೈಯಿಂದ ತೆಗೆದ ಆ ತುಂಡು ಎಲ್ಲಿ ಹೋಯಿತು? ನನಗೂ ಏನನ್ನೂ ಬಿಟ್ಟು ಹೋಗುವ ಅಭ್ಯಾಸವಿಲ್ಲ.

ಮುಂದಿನ ವರ್ಷ ಸಭೆಯಲ್ಲಿ ಆ ಸಾಲು ಹೇಳು. ಕಟ್ಟಿದವನು ಯಾರು ಎಂದೂ ಹೇಳು.

ಏಕೆಂದರೆ ನಿನ್ನೆ ಹೀಗಾಯಿತು. ಅರ್ನ್‌ಲ್ಯೂತ್ ಕ್ರಿಸ್‌ಮಸ್ ಮೀನು ತಂದು ಬಾಗಿಲು ಬಡಿದ. ನಾನು ಒಲೆಯ ಮುಂದಿನಿಂದ ಎದ್ದು ಹೋದೆ, ಹಿಟ್ಟಿನ ಕೈ. ಬಾಗಿಲು ತೆಗೆದು, ಯೋಚಿಸದೆ ಬಲಗೈ ಚಾಚಿದೆ. ಎಷ್ಟೋ ವರ್ಷದಿಂದ ಚಾಚಿರಲಿಲ್ಲ. ಅವನು ಪೆಟ್ಟಿಗೆಯನ್ನು ಹಿಮದ ಮೇಲಿಟ್ಟು ಗವಸು ತೆಗೆದು ಕೈ ಹಿಡಿದ. ಬಿಡಲಿಲ್ಲ. ತಿರುಗಿಸಿ ಗಾಯದ ಗೆರೆ ನೋಡಿದ, ಹೆಬ್ಬೆರಳಿನಿಂದ ಅದರ ಮೇಲೆ ಒಂದು ಸಲ ಸವರಿದ.

"ನಿಮ್ಮಪ್ಪನ ಕೈನೂ ಹಿಂಗೆ ಬಿಡಿಸೋರು ಆಗ ಇರಬೇಕಿತ್ತು" ಎಂದ.

ನಿನಗೆ ಹೇಗೆ ಗೊತ್ತು ಎಂದೆ. ದೋಣಿಯಲ್ಲಿ ಜೊತೆಗಿದ್ದವನಿಗೆ ಗೊತ್ತಿರುವುದಿಲ್ಲವೇ ಎಂದ. ಹುಟ್ಟು ಹಿಡಿಯಲು ಆ ಕೈಗೆ ತೊಂದರೆಯಿರಲಿಲ್ಲವಂತೆ, ಹುಟ್ಟಿನ ಆಕಾರಕ್ಕೇ ಬಾಗಿತ್ತಲ್ಲ. ಆದರೆ ದೋಣಿಯ ಯಜಮಾನನ ಕೈ ಕೆಟ್ಟಿದೆ ಎಂದು ಸುದ್ದಿಯಾದರೆ ಮುಂದಿನ ಸಲ ಅವನ ಜೊತೆ ಯಾರು ಸಮುದ್ರಕ್ಕೆ ಇಳಿಯುತ್ತಾರೆ? ಬಾಯಿ ಬಿಟ್ಟರೆ ದೋಣಿಯಿಂದ ಇಳಿಸುತ್ತೇನೆ ಎಂದು ಅಪ್ಪ ಅವನಿಂದ ಮಾತು ತೆಗೆದುಕೊಂಡಿದ್ದನಂತೆ. ಅಪ್ಪ ಸತ್ತ ಮೇಲೂ ಇವನು ಆ ಮಾತು ಕಾಪಾಡಿದ್ದಾನೆ. ಮಗಳಿಗಂತೂ ಗೊತ್ತಿದ್ದೇ ಇರುತ್ತದೆ ಎಂದುಕೊಂಡಿದ್ದನಂತೆ.

ನಾನು ಕೇಳಿದೆ, ಆವತ್ತು ನಾವಿಬ್ಬರೂ ಬಾಗಿಲಿಗೆ ಬಂದ ದಿನ ನೀನು ಅಡುಗೆಮನೆಯಲ್ಲೇ ಇದ್ದೆ, ಅಪ್ಪ ಏನಾದರೂ ಅಂದನೇ ಎಂದು. ಅವನು ಇನ್ನೂ ನನ್ನ ಕೈ ಹಿಡಿದುಕೊಂಡೇ ಇದ್ದ. ಬೂಟಿನ ಕಡೆ ನೋಡಿಕೊಂಡು ಹೇಳಿದ:

"ನೋಡು ಗುನ್‌ವೋರ್, ನೀವು ದಿಬ್ಬ ಇಳಿದು ಬರ್ತಿದ್ದದ್ದನ್ನ ನಿಮ್ಮಪ್ಪ ಕಿಟಕಿಯಿಂದ ನೋಡ್ತಾ ನಿಂತಿದ್ದ. ಆ ಎರಡು ಬೆರಳನ್ನ ಮೇಜಿನ ಅಂಚಿಗೆ ಒತ್ತಿ ಒತ್ತಿ ನೇರ ಮಾಡೋಕೆ ನೋಡ್ದ. ಆಗ್ಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳ್ದ, ಮದುವಣಗಿತ್ತಿಗೆ ಎಡಗೈ ಹೇಗೆ ಕೊಡ್ಲೋ ಮಾರಾಯ, ಅಂತ."